ಒದ್ದೆ ಮಾಡ್ಬೇಡಿ ಅಂದಿದ್ದು ನಾನೇ

ಪಿಎನ್‌ಸಿ, ಅಂದ್ರೆ ಬಾಣಂತಿಯರ ವಾರ್ಡಿಗೆ ಬಂದಾಗಿನಿಂದ ಡಿಸ್ಚಾರ್ಜ್ ದಿನ ನನ್ನದು ಒಂದೇ ಪಾಠ: "ಗಾಯ ಒದ್ದೆ ಮಾಡ್ಬೇಡಿ, ಕ್ಲೀನಾಗಿ ಇಟ್ಕೊಳ್ಳಿ, ಸೋಮವಾರ ಹೊಲಿಗೆ ಬಿಚ್ಚಿಸೋಕೆ ಬನ್ನಿ. ಗೊತ್ತಾಯ್ತಾ?" ಆ ಕಡೆಯಿಂದ "ಹ್ಞೂಂ ಸಿಸ್ಟರ್." ಫೈಲಿಗೆ 'ಕೌನ್ಸೆಲಿಂಗ್ ಮಾಡಲಾಗಿದೆ' ಅಂತ ಸೀಲು. ಮುಂದಿನ ಬೆಡ್.

ಏಪ್ರಿಲ್‌ನಲ್ಲಿ ಜಗಳೂರು ಕಡೆಯ ಹುಡುಗಿಯೊಬ್ಬಳು. ಚೊಚ್ಚಲು, ಎಮರ್ಜೆನ್ಸಿ ಸಿಸೇರಿಯನ್, ರಕ್ತ ಕಮ್ಮಿ. ಬೆಡ್ ಇಲ್ಲ ಅಂತ ನಾಲ್ಕನೇ ದಿನಕ್ಕೇ ಕಳಿಸಿದ್ವಿ. ಗಾಯ ಒಣಗಿತ್ತು, ಸುಳ್ಳು ಹೇಳಲ್ಲ. ಶನಿವಾರ ಸಂಜೆ ಅವರೂರಿನ ಆಶಾ ಕಾರ್ಯಕರ್ತೆ ಫೋನ್ ಮಾಡಿದ್ಲು: "ಮೇಡಂ, ಹೊಲಿಗೆ ಹತ್ರ ಸ್ವಲ್ಪ ನೀರು ಒಸರ್ತೈತೆ." ನಾನು ಡ್ಯೂಟಿ ಹ್ಯಾಂಡೋವರ್ ಮಧ್ಯೆ ಇದ್ದೆ. ಜ್ವರ ಇದೆಯಾ ಅಂದೆ. ಇಲ್ಲ ಅಂತಾರೆ ಅಂದ್ಲು. "ಹಂಗಾದ್ರೆ ಸೋಮವಾರವೇ ಕರ್ಕೊಂಬಾ." ಥರ್ಮಾಮೀಟರ್ ಇಟ್ಟು ನೋಡಿದ್ರಾ ಅಂತ ಕೇಳಲೇ ಇಲ್ಲ.

ಸೋಮವಾರ ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲೇ ವಾಸನೆ. ಹಳೇ ಸೀರೆಯಿಂದ ಹೊಟ್ಟೆ ಬಿಗಿದು ಕಟ್ಟಿದ್ರು. ಎರಡು ಸುತ್ತು ಬಿಚ್ಚಿದ್ರೆ ಕೆಳಗೆ ಅರಿಶಿಣ, ಕೊಬ್ಬರಿ ಎಣ್ಣೆ ಮೆತ್ತಿ ಗಟ್ಟಿಯಾದ ಪೇಸ್ಟು. ನನ್ನ ದನಿ ಏರಿತು. "ಇದನ್ನ ಹಚ್ಚಿ ಅಂತ ಯಾರು ಹೇಳಿದ್ರಮ್ಮ ನಿಮಗೆ?" ಹೊರಗಿದ್ದವರಿಗೆಲ್ಲ ಕೇಳಿಸಿರ್ಬೇಕು. ಹುಡುಗಿ ಜೊತೆ ಬಂದಿದ್ದ ಅಜ್ಜಿ ಮಾತಾಡಲಿಲ್ಲ.

ಪಿಜಿ ಡಾಕ್ಟರು ಬಂದು ಎರಡು ಹೊಲಿಗೆ ಬಿಚ್ಚಿದ್ರು. ಕೀವು. ಗಾಜ್ ಮೇಲೆ ಗಾಜ್. ಆಮೇಲೆ ಬೆರಳಿಟ್ಟು ಶೀತ್, ಅಂದ್ರೆ ಹೊಟ್ಟೆ ಸ್ನಾಯುವಿನ ಮೇಲಿನ ಗಟ್ಟಿ ಪದರ, ನೋಡೋಕೆ ಶುರು ಮಾಡಿದ್ರು. ಅದರ ಹೊಲಿಗೆ ಬಿಟ್ಟಿದ್ರೆ ನೇರ ಆಪರೇಷನ್ ಥಿಯೇಟರು. ಅನಸ್ತೇಶಿಯಾದವರು ಆಗ ಇನ್ನೊಂದು ಕೇಸಿನಲ್ಲಿದ್ರು. ನಾನು ಹುಡುಗಿಯ ಮಣಿಕಟ್ಟು ಹಿಡಿದು, ಯಾರೂ ಕೇಳದಿದ್ರೂ ಪಲ್ಸ್ ಎಣಿಸ್ತಿದ್ದೆ. 118. ಮತ್ತೆ ಎಣಿಸಿದೆ. "ಶೀತ್ ಇಂಟ್ಯಾಕ್ಟ್," ಅಂದ್ರು. ಬಿಟ್ಟಿರಲಿಲ್ಲ. ಜ್ವರ 101. ಕೀವಿನ ಸ್ವಾಬ್ ಲ್ಯಾಬಿಗೆ ಕಳಿಸಿ ಅಡ್ಮಿಟ್ ಮಾಡಿದ್ವಿ.

ಆಗ ಅಜ್ಜಿ ಬಾಯಿ ಬಿಟ್ರು. "ಒದ್ದಿ ಮಾಡಬ್ಯಾಡ ಅಂದೋರು ನೀವೇ ಅಲ್ವೇನ್ರವ್ವಾ? ಅದಕ್ಕೇ ಮೈಗೆ ನೀರೇ ಹಾಕ್ಲಿಲ್ಲ. ಬೆವತು ನವಿ ಎದ್ದಾಗ ಅರಿಶಿಣ ಹಚ್ಚೀನಿ."

ನಮ್ಮ ಕಡೆ ಏಪ್ರಿಲ್ ಬಿಸಿಲು, ಹೊಟ್ಟೆ ಮಡಿಕೆ ಕೆಳಗೆ ಗಾಯ, ಮೇಲೆ ಬಿಗಿ ಕಟ್ಟು, ಸ್ನಾನ ಇಲ್ಲ. ನಾನು ಹೇಳಬೇಕಿದ್ದದ್ದು ಬೇರೆಯೇ: ಡ್ರೆಸ್ಸಿಂಗ್ ತೆಗೆದ ಮೇಲೆ ದಿನಾ ಸ್ನಾನ ಮಾಡ್ಬಹುದು, ನೀರು ಹರಿದು ಹೋಗ್ಲಿ, ತಿಕ್ಕಬೇಡಿ, ಮಡಿಕೆ ಎತ್ತಿ ಶುದ್ಧ ಬಟ್ಟೆಯಿಂದ ಒತ್ತಿ ಒಣಗಿಸಿ, ಏನೂ ಹಚ್ಚಬೇಡಿ, ಮುಟ್ಟೋ ಮುಂಚೆ ಸೋಪಿನಲ್ಲಿ ಕೈ ತೊಳೀರಿ. ಕೆಂಪು, ಬಿಸಿ, ಒಸರು, ವಾಸನೆ, ಹೊಲಿಗೆ ಬಿಡೋದು, 100.4 ಜ್ವರ, ಯಾವುದಾದರೊಂದು ಕಂಡ್ರೂ ಆವತ್ತೇ ಬನ್ನಿ, ಹೊಲಿಗೆ ಬಿಚ್ಚೋ ದಿನಕ್ಕೆ ಕಾಯಬೇಡಿ. ನಂಜಾಗುತ್ತೆ ಅಂತ ಬೇಳೆ, ಮೊಟ್ಟೆ, ನೀರು ನಿಲ್ಲಿಸಬೇಡಿ.

ಎಲ್ಲ ತಪ್ಪೂ ಅಜ್ಜಿ ಮನೇದೇ ಅಂತ ನಾನು ಹೇಳಲಾರೆ. ಕೊಯ್ಯೋಕೆ ಮುಂಚಿನ ಒಂದು ಗಂಟೆಯೊಳಗೆ ಕೊಡ್ಬೇಕಾದ, ಸೋಂಕು ತಡೆಯೋ ಸೆಫಜೋಲಿನ್ ಇಂಜೆಕ್ಷನ್ನಿನ ಟೈಮ್ ಕಾಲಂ ಫೈಲಲ್ಲಿ ಖಾಲಿ ಇತ್ತು. ಆ ವಾರ ವಾರ್ಡಿನಲ್ಲಿ ಕೈ ಶುದ್ಧ ಮಾಡ್ಕೊಳ್ಳೋ ಹ್ಯಾಂಡ್‌ರಬ್ ಬಾಟಲಿಯೂ ಖಾಲಿ. ಹೊಸದು ತರಿಸೋ ಇಂಡೆಂಟ್ ಚೀಟಿಗೆ ಮೂರು ಸೈನ್ ಬೇಕಂತೆ. ಮೀಟಿಂಗಿನಲ್ಲಿ ಇದನ್ನ ಎತ್ತಿದ್ದಕ್ಕೆ ಬಂದದ್ದು ಬಾಟಲಿ ಅಲ್ಲ, ಲ್ಯಾಮಿನೇಟ್ ಮಾಡಿದ ಪೋಸ್ಟರು. ಇಂಗ್ಲಿಷಿನಲ್ಲಿ.

ಈಗ ನಾನು "ಗೊತ್ತಾಯ್ತಾ" ಅನ್ನಲ್ಲ. ಗಂಡನಿಗಲ್ಲ, ಬಾಣಂತಿಗೆ ನೀರು ಹಾಕೋರಿಗೇ ಕೇಳ್ತೀನಿ: "ನಾಳೆ ಮನೇಲಿ ಹೆಂಗೆ ಸ್ನಾನ ಮಾಡಿಸ್ತೀರಿ, ಹೇಳಿ ನೋಡೋಣ." ಮೊನ್ನೆ ಒಬ್ರು ನೀರು ಬೆರೆಸದೇ ಡೆಟಾಲ್ ಸುರೀತೀನಿ ಅಂದ್ರು. ಹನ್ನೊಂದು ಡಿಸ್ಚಾರ್ಜ್ ಇರೋ ದಿನ ಇದಕ್ಕೆ ಒಂದು ಗಂಟೆ ಹೋಗುತ್ತೆ, ಇನ್‌ಚಾರ್ಜ್ ಗೊಣಗ್ತಾರೆ.

ಆ ಹುಡುಗಿಗೆ ಹನ್ನೆರಡು ದಿನ ಡ್ರೆಸ್ಸಿಂಗ್, ಆಮೇಲೆ ಮತ್ತೆ ಹೊಲಿಗೆ. ಹೊರಡುವಾಗ ಅಜ್ಜಿ ಚೀಲ ಕೆಳಗಿಟ್ಟು ನನ್ನ ಮುಂದೆ ನಿಂತ್ರು. "ಈಗ ಸರಿಯಾಗಿ ಹೇಳ್ರವ್ವಾ, ಒದ್ದಿ ಮಾಡ್ಬೇಕೋ ಬ್ಯಾಡೋ?" ವಾರ್ಡೆಲ್ಲ ನಕ್ಕಿತು. ಎರಡು ಸಲ ನನ್ನ ಬಾಯಲ್ಲಿ ಹೇಳಿಸಿಕೊಂಡೇ ಬಸ್ಸಿಗೆ ಹೋದ್ರು.