ಫ್ರೀಕ್ವೆನ್ಸಿ ಕೌಂಟರ್, ಭಾಗ 3: ಎಲ್‌ಎಸ್ ಹೇಳಿದ್ದು ಎಚ್‌ಸಿಗೆ ಕೇಳಿಸುತ್ತಾ?

ಒಂದು ಸೆಕೆಂಡಿನಲ್ಲಿ ಎಷ್ಟು ಪಲ್ಸ್ ಬಂತು ಅಂತ ಎಣಿಸುವ ನನ್ನ ಕೌಂಟರ್‌ನಲ್ಲಿ ಎಣಿಕೆ ಶುರುವಾಗಿದೆ. 0ಯಿಂದ 9ರ ತನಕ ಎಣಿಸುವ ನಾಲ್ಕು 74ಎಲ್‌ಎಸ್90 ಚಿಪ್‌ಗಳು (ಮುಂದೆ ಬರೀ '90') ಸಾಲಾಗಿ ಕೂತಿವೆ, ಡಿಸ್‌ಪ್ಲೇಯಲ್ಲಿ ಅಂಕಿ ಸರಿಯಾಗಿಯೇ ಬರುತ್ತಿದೆ. ಆದರೂ ಈ ಸಲ ಲ್ಯಾಚ್ ಚಿಪ್‌ಗಳನ್ನು, ಅಂದರೆ ಎಣಿಸಿದ ಅಂಕಿಯನ್ನು ಹಿಡಿದಿಡುವ ಚಿಪ್‌ಗಳನ್ನು, ಬದಲಾಯಿಸುತ್ತಿದ್ದೇನೆ. ಎಲ್‌ಎಸ್ ಮತ್ತು ಎಚ್‌ಸಿ ಎರಡು ಬೇರೆ ಬೇರೆ ಲಾಜಿಕ್ ಚಿಪ್ ಕುಟುಂಬಗಳು; ಹೈ (1), ಲೋ (0) ಅನ್ನುವುದಕ್ಕೆ ಅವುಗಳ ವೋಲ್ಟೇಜ್ ಲೆಕ್ಕ ಬೇರೆ. ಯಾಕೆ ಅಂತ ಬರೆದಿಡುತ್ತೇನೆ.

ಮೊದಲು ಟೈಮ್ ಬೇಸ್, ಅಂದರೆ ಎಣಿಕೆಯ ಸಮಯ ಅಳೆಯುವ ಭಾಗ. 32.768 ಕಿಲೋಹರ್ಟ್ಸ್ ಕ್ರಿಸ್ಟಲ್, ಜೊತೆಗೆ ಫ್ರೀಕ್ವೆನ್ಸಿಯನ್ನು ಮತ್ತೆ ಮತ್ತೆ ಅರ್ಧ ಮಾಡುವ ಸಿಡಿ4060. ಅದರ ಕೊನೆಯ ಔಟ್‌ಪುಟ್‌ನಲ್ಲಿ 2 ಹರ್ಟ್ಸ್ ಸಿಗುತ್ತದೆ. 74ಎಚ್‌ಸಿ74ರ ಎರಡೂ ಫ್ಲಿಪ್‌ಫ್ಲಾಪ್ (ಪ್ರತಿಯೊಂದೂ ಮತ್ತೆ ಅರ್ಧ ಮಾಡುತ್ತದೆ) ದಾಟಿದರೆ 0.5 ಹರ್ಟ್ಸ್, ಅಂದರೆ ಸರಿಯಾಗಿ 1 ಸೆಕೆಂಡ್ ಗೇಟ್ ತೆರೆದಿರುತ್ತದೆ. ಇಲ್ಲಿ ತಲೆನೋವಿಲ್ಲ.

ಸಿಗ್ನಲ್ ಅನ್ನು ಎಣಿಕೆಗೆ ಒಳಬಿಡುವ ಈ ಗೇಟ್‌ಗೆ 74ಎಚ್‌ಸಿ00. ಇದು ನೇರವಾಗಿ ಮೊದಲ 90ರ ಕ್ಲಾಕ್ ಪಿನ್‌ಗೆ ಹೋಗುತ್ತದೆ. ಸಾಮಾನ್ಯ ಎಲ್‌ಎಸ್ ಇನ್‌ಪುಟ್ ಅನ್ನು ಲೋ ಮಾಡಲು ಹೆಚ್ಚೆಂದರೆ 0.4 ಮಿಲಿಆಂಪ್ ಎಳೆದುಕೊಳ್ಳಬೇಕು. ಈ ಕ್ಲಾಕ್ ಪಿನ್‌ಗೆ ಮಾತ್ರ 2.4, ಎರಡನೇ ಕ್ಲಾಕ್ ಪಿನ್‌ಗೆ 3.2. ಒಂದೇ ಪಿನ್ ಆರು ಪಿನ್‌ಗಳ ಭಾರ ಹಾಕುತ್ತದೆ! ಎಚ್‌ಸಿ ಗೇಟ್ 4 ಮಿಲಿಆಂಪ್ ತಡೆದುಕೊಳ್ಳುತ್ತದೆ, ಹಾಗಾಗಿ ಸರಿಹೋಯಿತು. ಇದೇ ಜಾಗದಲ್ಲಿ ಸಿಡಿ ಸರಣಿಯ (4060ರ ಕುಟುಂಬದ) ಗೇಟ್ ಇಟ್ಟಿದ್ದರೆ, 5 ವೋಲ್ಟ್‌ನಲ್ಲಿ ಅದಕ್ಕೆ ಒಂದು ಸಾಮಾನ್ಯ ಎಲ್‌ಎಸ್ ಇನ್‌ಪುಟ್ ಹೊರುವಷ್ಟೇ ಶಕ್ತಿ.

ಈಗ ಅಸಲಿ ವಿಷಯ. 90ರ ಔಟ್‌ಪುಟ್‌ಗಳು 74ಎಚ್‌ಸಿ573 ಲ್ಯಾಚ್‌ಗೆ ಹೋಗುತ್ತವೆ. ಹೈ ಇರುವಾಗ ಮೀಟರ್ ಇಟ್ಟು ನೋಡಿದೆ: 3.6 ವೋಲ್ಟ್. ಎಚ್‌ಸಿ ಇನ್‌ಪುಟ್ ಸಾಮಾನ್ಯವಾಗಿ ಸಪ್ಲೈನ ಅರ್ಧದ ಹತ್ತಿರ, ಅಂದರೆ 2.5 ವೋಲ್ಟ್ ಆಸುಪಾಸಿನಲ್ಲಿ ತಿರುಗುತ್ತದೆ. ಹಾಗಾಗಿ ನನ್ನ ಮೇಜಿನ ಮೇಲೆ ಎಲ್ಲ ಚೆನ್ನಾಗಿಯೇ ನಡೆಯುತ್ತದೆ. ಆದರೆ ಡೇಟಾಶೀಟ್ ಕೊಡುವ ಗ್ಯಾರಂಟಿ ಬೇರೆ. ಎಲ್‌ಎಸ್ ಹೇಳುವುದು: ಹೈ ಅಂದರೆ ಕನಿಷ್ಠ 2.7 ಕೊಡುತ್ತೇನೆ. ಎಚ್‌ಸಿ ಕೇಳುವುದು: 5 ವೋಲ್ಟ್ ಸಪ್ಲೈ ಇದ್ದರೆ ನನಗೆ ಕನಿಷ್ಠ 3.5 ಬೇಕು. ನಡುವೆ 0.8 ವೋಲ್ಟ್ ಸಾಲ. ಎಲ್‌ಎಸ್‌ನಿಂದ ಎಲ್‌ಎಸ್‌ಗೆ ಆದರೆ 2.0 ಸಾಕು, 0.7 ಉಳಿಯುತ್ತದೆ. ಲೋ ಕಡೆ ಯಾವ ಜಗಳವೂ ಇಲ್ಲ, 0.5 ಬರುತ್ತದೆ, 1.5 ತನಕ ಎಚ್‌ಸಿ ಒಪ್ಪುತ್ತದೆ.

"ನಡೀತಾ ಇದೆಯಲ್ಲ, ಬಿಡಿ" ಅನ್ನಬಹುದು. ನನಗೆ ಅದು ಒಪ್ಪಿಗೆಯಿಲ್ಲ. ನಾಳೆ ಬೇರೆ ಬ್ಯಾಚ್‌ನ ಚಿಪ್ ಹಾಕಿದಾಗ ಒಂದು ಬಿಟ್ ಆಗಾಗ ಬಿದ್ದುಹೋದರೆ, 7 ಇರಬೇಕಾದ ಕಡೆ 3 ಕಂಡರೆ, ಹುಡುಕುವುದು ಯಾರು?

ತಾತ್ಕಾಲಿಕವಾಗಿ ಪ್ರತಿ ಔಟ್‌ಪುಟ್‌ನಿಂದ 5 ವೋಲ್ಟ್‌ಗೆ 4.7 ಕಿಲೋಓಮ್ ಪುಲ್‌ಅಪ್, ಅಂದರೆ ಹೈ ಅನ್ನು ಮೇಲೆಳೆಯುವ ರೆಸಿಸ್ಟರ್, ಹಾಕಿದೆ. ಹೈ ಈಗ 4.9ಕ್ಕೆ ಏರಿದೆ. ಲೋ ಆದಾಗ ಹೆಚ್ಚುವರಿ ಸುಮಾರು 1 ಮಿಲಿಆಂಪ್, ಎಲ್‌ಎಸ್‌ಗೆ ಅದು ಏನೂ ಅಲ್ಲ. ಆದರೆ 16 ರೆಸಿಸ್ಟರ್! ಬ್ರೆಡ್‌ಬೋರ್ಡ್ ಮುಳ್ಳುಹಂದಿ ಥರ ಆಗಿದೆ. 74ಎಚ್‌ಸಿಟಿ573 ಬಂದ ತಕ್ಷಣ ಎಲ್ಲ ಕೀಳುತ್ತೇನೆ. ಪಿನ್‌ಗಳು ಅವೇ, ಇನ್‌ಪುಟ್ ಮಾತ್ರ ಟಿಟಿಎಲ್ (ಎಲ್‌ಎಸ್ ಥರದ) ಲೆಕ್ಕದ್ದು: 2.0 ಇದ್ದರೆ ಹೈ. ಆ ಒಂದು 'ಟಿ' ಅಕ್ಷರಕ್ಕೆ ಇಷ್ಟೆಲ್ಲ.

ಇನ್ನೊಂದು, ಖಾಲಿ ಪಿನ್‌ಗಳು. ಎಲ್‌ಎಸ್ ಇನ್‌ಪುಟ್ ಸುಮ್ನೆ ಬಿಟ್ಟರೆ ಹೈ ಅಂತಲೇ ಓದಿಕೊಳ್ಳುತ್ತದೆ. 90ರ ನಾಲ್ಕೂ ರೀಸೆಟ್ ಪಿನ್ ಬಿಟ್ಟರೆ ಅದು 9ರಲ್ಲೇ ಕೂತುಬಿಡುತ್ತದೆ, ಅಲುಗಾಡುವುದಿಲ್ಲ. ಎಚ್‌ಸಿ ಹಾಗಲ್ಲ, ಅದಕ್ಕೆ ಗೊತ್ತುಗುರಿಯೇ ಇಲ್ಲ. 00ರ ಒಂದು ಖಾಲಿ ಇನ್‌ಪುಟ್ ಬಿಟ್ಟು ನೋಡಿದೆ: ಬೆರಳು ಹತ್ತಿರ ತಂದರೆ ಸಾಕು, ಸಪ್ಲೈ ಕರೆಂಟ್ ಕುಣಿಯುತ್ತದೆ. ಬಳಸದ ಎರಡೂ ಗೇಟ್‌ಗಳ ಇನ್‌ಪುಟ್ ಈಗ ಗ್ರೌಂಡ್‌ನಲ್ಲಿವೆ. ಹಾಂ, 90ರಲ್ಲಿ ಸಪ್ಲೈ 5ನೇ ಪಿನ್, ಗ್ರೌಂಡ್ 10ನೇ ಪಿನ್, ಮೂಲೆಯಲ್ಲಲ್ಲ. ಸಪ್ಲೈಗೂ ಗ್ರೌಂಡ್‌ಗೂ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕುವಾಗ ಗಮನವಿರಲಿ.

ಮುಂದೆ ಇನ್‌ಪುಟ್ ಆಂಪ್ಲಿಫೈಯರ್. 90ರ ಮೊದಲ ಕ್ಲಾಕ್ ಪಿನ್ 32 ಮೆಗಾಹರ್ಟ್ಸ್ ತನಕ ಗ್ಯಾರಂಟಿ. ಆದರೆ 1 ಸೆಕೆಂಡ್ ಗೇಟ್‌ನಲ್ಲಿ ನಾಲ್ಕು ಅಂಕಿ 9,999ಕ್ಕೇ ಮುಗಿದುಹೋಗುತ್ತದೆ, ಹಾಗಾಗಿ ಅಲ್ಲಿಯ ತನಕ ಎಣಿಸಲು ಇನ್ನೂ ನಾಲ್ಕು 90 ಸೇರಿಸಬೇಕು.