ಮರದ ಹಲಗೆಯ ಮೇಲಿನ ಮುದ್ರೆ

ಅಂತರರಾಷ್ಟ್ರೀಯ ಸಂಬಂಧಗಳನ್ನು ಓದಿ ಕೃಷಿ ರಫ್ತು ಉತ್ತೇಜನದ ಕೆಲಸಕ್ಕೆ ಸೇರಿದಾಗ, ಒಪ್ಪಂದಗಳ ಕರಡು ತಿದ್ದುವುದರಲ್ಲೇ ದಿನ ಕಳೆಯುತ್ತದೆಂದು ಭಾವಿಸಿದ್ದೆ. ಮೊದಲ ಪಾಠ ಕಲಿಸಿದ್ದು ಹಣ್ಣಿನ ಪೆಟ್ಟಿಗೆಗಳನ್ನು ಹೊತ್ತ ಮರದ ಪ್ಯಾಲೆಟ್. ಸರಕಿನಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಚಿಹ್ನೆಯುಳ್ಳ ಮುದ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ಇಡೀ ಕಂಟೇನರ್ ಬಂದರಿನಲ್ಲಿ ನಿಂತಿತು. ಆ ಮುದ್ರೆಯ ಜೊತೆ ‘ಎಚ್‌ಟಿ’ ಎಂಬ ಅಕ್ಷರಗಳಿದ್ದರೆ, ಕೀಟಗಳು ಗಡಿ ದಾಟದಂತೆ ಮರವನ್ನು ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಕಾಯಿಸಲಾಗಿದೆ ಎಂದರ್ಥ.

ಸುಂಕ ಇಳಿಸುವ ಒಪ್ಪಂದಕ್ಕೆ ಸಹಿ ಬಿದ್ದಾಗ ಫೋಟೊ ತೆಗೆಯುತ್ತಾರೆ; ಕೀಟನಾಶಕದ ಉಳಿಕೆಯ ಮಿತಿಯನ್ನು ಕುರಿತ ಪತ್ರವ್ಯವಹಾರಕ್ಕೆ ಯಾರೂ ಕ್ಯಾಮೆರಾ ಹಿಡಿಯುವುದಿಲ್ಲ. ಆದರೂ ಮಾರುಕಟ್ಟೆಯ ಬಾಗಿಲು ತೆರೆಯುವುದೋ ಮುಚ್ಚುವುದೋ ಹೆಚ್ಚಾಗಿ ಇಂಥ ಪತ್ರಗಳಿಂದಲೇ ಎಂಬುದು ನನ್ನ ಅನುಭವ. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯೊಂದಿಗೇ ಜಾರಿಗೆ ಬಂದ ಆಹಾರ ಸುರಕ್ಷತೆ ಹಾಗೂ ಸಸ್ಯ-ಪ್ರಾಣಿ ಆರೋಗ್ಯದ ಒಪ್ಪಂದವು, ಪ್ರತಿ ದೇಶಕ್ಕೂ ತನ್ನದೇ ಮಾನದಂಡ ಇಟ್ಟುಕೊಳ್ಳುವ ಹಕ್ಕನ್ನು ಕೊಟ್ಟು, ಅದಕ್ಕೆ ವೈಜ್ಞಾನಿಕ ಆಧಾರವಿರಬೇಕೆಂಬ ಷರತ್ತನ್ನೂ ಹಾಕಿದೆ. ನಮ್ಮ ವಾದವೆಲ್ಲ ಆ ಷರತ್ತಿನ ಸುತ್ತಲೇ.

ಒಂದು ಹೊಸ ಹಣ್ಣಿಗೆ ಪ್ರವೇಶ ಸಿಗಬೇಕಾದರೆ ಕೀಟಗಳ ಪಟ್ಟಿ, ಅಪಾಯದ ವಿಶ್ಲೇಷಣೆ, ತೋಟ ಮತ್ತು ಪ್ಯಾಕಿಂಗ್ ಘಟಕಗಳ ತಪಾಸಣೆ ಎಂದು ವರ್ಷಗಳೇ ಉರುಳುತ್ತವೆ. ಅಷ್ಟರಲ್ಲಿ ಎದುರು ಮೇಜಿನ ಅಧಿಕಾರಿಗೆ ವರ್ಗಾವಣೆಯಾಗಿರುತ್ತದೆ; ಹೊಸಬರಿಗೆ ನಾವು ಕೀಟಗಳ ಪಟ್ಟಿಯನ್ನು ಮತ್ತೆ ಮೊದಲನೆಯ ಪುಟದಿಂದ ವಿವರಿಸುತ್ತೇವೆ.