ಪುಡಿ ಉದುರಿದಾಗಲೇ ಕೈ ತೆಗೆಯಬೇಕಿತ್ತು

ನಾನು ಸ್ವಚ್ಛಗೊಳಿಸುತ್ತಿದ್ದದ್ದು ಒಂದು ಹಳೆಯ ರೋಮನ್ ಕಂಚಿನ ನಾಣ್ಯ. ಅಡ್ಡಳತೆ 17 ಮಿ.ಮೀ., ತೂಕ 2.4 ಗ್ರಾಂ. ಒಂದು ಬದಿ ಚಕ್ರವರ್ತಿ ಕಾನ್‌ಸ್ಟಂಟೈನ್ ಮುಖ, ಇನ್ನೊಂದು ಬದಿ ಇಬ್ಬರು ಸೈನಿಕರು, ಸುತ್ತ ‘ಗ್ಲೋರಿಯಾ ಎಕ್ಸರ್ಸಿಟಸ್’ (ಸೇನೆಯ ಕೀರ್ತಿ) ಅನ್ನುವ ಲ್ಯಾಟಿನ್ ಬರಹ. ಸೈನಿಕರ ನಡುವೆ ಮಣ್ಣು ಕಚ್ಚಿಕೊಂಡಿದ್ದರಿಂದ ಧ್ವಜ ಒಂದೋ ಎರಡೋ ಕಾಣುತ್ತಿರಲಿಲ್ಲ. ಎರಡಿದ್ದರೆ ಸುಮಾರು ಕ್ರಿ.ಶ. 330–335ರದು. ಒಂದೇ ಇದ್ದರೆ ಆಮೇಲಿನದು, ಆಗ ತೂಕವೂ ಒಂದೂವರೆ ಗ್ರಾಂ ಆಸುಪಾಸಿಗೆ ಇಳಿದಿತ್ತು. ಅಂದರೆ ತಕ್ಕಡಿಯೇ ಎರಡು ಧ್ವಜದ ಸುಳಿವು ಕೊಟ್ಟಿತ್ತು. ಬ್ಲೇಡಿಗೆ ಅವಸರವೇ ಇರಲಿಲ್ಲ.

ಎರಡು ಧ್ವಜವೂ ಹೊರಬಂದವು. ತಪ್ಪಾದದ್ದು ಅದರ ಕೆಳಗೆ, ಟಂಕಸಾಲೆಯ ಗುರುತಿನ ಕೊನೆಯಲ್ಲಿ. ಅಲ್ಲಿದ್ದ ತಿಳಿಹಸಿರು ಚುಕ್ಕೆಯನ್ನು ಒಣಮಣ್ಣು ಅಂತ ತಿಳಿದು ಸ್ಕಾಲ್ಪೆಲ್ ತಾಗಿಸಿದೆ. ಮಣ್ಣು ಚಕ್ಕೆಯಾಗಿ ಏಳುತ್ತದೆ. ಗಟ್ಟಿ ಪಟಿನಾ, ಅಂದರೆ ಹಳೆಯ ಲೋಹದ ಮೇಲೆ ಕಟ್ಟಿದ ಪದರ, ಅದರ ಮೇಲೆ ಬ್ಲೇಡು ಜಾರುತ್ತದೆ. ಇದು ಎರಡೂ ಅಲ್ಲ, ಹಿಟ್ಟಿನ ಹಾಗೆ ಉದುರಿತು. ಮೈಕ್ರೋಸ್ಕೋಪಿನಲ್ಲಿ ಅದು ಕಣ್ಣೆದುರೇ ಇತ್ತು. ಆದರೂ ಇನ್ನೆರಡು ಸಲ ಕೆರೆದೆ. ಅಡಿಯಲ್ಲಿ ಗುಳಿ. ಅಕ್ಷರ ಆ ಪುಡಿಯ ಮೇಲೇ ನಿಂತಿತ್ತು, ಪುಡಿಯ ಜೊತೆಗೇ ಹೋಯಿತು. ‘ಎಸ್‌ಎಂಎಎನ್’ ಉಳಿದಿದೆ, ನಾಣ್ಯ ಆಂಟಿಯೋಕ್ ನಗರದ ಟಂಕಸಾಲೆಯದು ಅನ್ನುವುದಕ್ಕೆ ಅಷ್ಟು ಸಾಕು. ಅಲ್ಲಿನ ಯಾವ ಕಾರ್ಯಾಗಾರ ಅಂತ ಹೇಳುತ್ತಿದ್ದ ಗ್ರೀಕ್ ಅಕ್ಷರ ಇನ್ನಿಲ್ಲ. ಕೆರೆಯುವ ಮುನ್ನ ಆ ಜಾಗದ ಫೋಟೋ ಕೂಡ ತೆಗೆದಿರಲಿಲ್ಲ.

ಆ ಪುಡಿ ಬ್ರಾಂಜ್ ಡಿಸೀಸಿನದು, ಅಂದರೆ ಕಂಚಿನ ರೋಗದ್ದು. ಒಳಗೆ ಕೂತ ಕ್ಲೋರೈಡಿಗೆ ತೇವ, ಗಾಳಿ ಸಿಕ್ಕರೆ ಆಮ್ಲ ಹುಟ್ಟಿ ತಾಮ್ರವನ್ನು ತಿನ್ನುತ್ತಲೇ ಹೋಗುತ್ತದೆ. ಅನುಮಾನ ಬಂದ ನಾಣ್ಯವನ್ನು ಒದ್ದೆ ಹತ್ತಿಯ ಜೊತೆ, ಹತ್ತಿ ತಾಗದ ಹಾಗೆ, ಮುಚ್ಚಿದ ಡಬ್ಬಿಯಲ್ಲಿ 24 ಗಂಟೆ ಇಟ್ಟರೆ ರೋಗ ಇದ್ದಲ್ಲಿ ಹೊಸ ಪುಡಿ ಏಳುತ್ತದೆ. ಎದ್ದರೆ ಎಥನಾಲಿನಲ್ಲಿ ಕರಗಿಸಿದ 3% ಬಿಟಿಎಯಲ್ಲಿ (ಬೆಂಜೊಟ್ರಯಜೋಲ್, ತುಕ್ಕು ತಡೆಯುವ ರಾಸಾಯನಿಕ) ಒಂದು ದಿನ ನೆನೆಸಬೇಕು. ಗ್ಲೌಸ್, ಫ್ಯೂಮ್ ಹುಡ್ (ಹೊಗೆ ಹೊರಗೆ ಎಳೆಯುವ ಗೂಡು) ಕಡ್ಡಾಯ, ಬಿಟಿಎ ವಿಷ. ಎಥನಾಲಿನಲ್ಲಿ ಒರೆಸಿ ಒಣಗಿಸಿ ಮತ್ತೆ ಡಬ್ಬಿ ಪರೀಕ್ಷೆ. ಪುಡಿ ಏಳದಿದ್ದರೆ ಮಾತ್ರ ರಕ್ಷಣೆಗೆ ಪ್ಯಾರಲಾಯ್ಡ್ ಬಿ-72 ಅನ್ನುವ ಅಕ್ರಿಲಿಕ್ ಲೇಪ, ತೆಳುವಾಗಿ.

ಬಿಟಿಎ ಕ್ಲೋರೈಡನ್ನು ತೆಗೆಯುವುದಿಲ್ಲ, ತಡೆಯುತ್ತದೆ ಅಷ್ಟೇ. ಗಾಳಿಯ ತೇವಾಂಶ 40% ದಾಟಿದರೆ ರೋಗ ಮರಳಬಹುದು. ಹೀಗಿರುವಾಗ ಕರೆಂಟ್ ಉಳಿಸಲು ರಾತ್ರಿ ಡಿಹ್ಯುಮಿಡಿಫೈಯರ್ ಆರಿಸುವುದು ಸರಿಯಲ್ಲ. ದಿನದ ಶೀಟಿನಲ್ಲಿ ಎಷ್ಟು ನಾಣ್ಯ ಮುಗಿಯಿತು ಅನ್ನುವ ಕಾಲಂ ಇದೆ, ಅನುಮಾನ ಬಂದು ಎಷ್ಟನ್ನು ಪಕ್ಕಕ್ಕೆ ಇಟ್ಟೆವು ಅನ್ನುವುದಕ್ಕೆ ಜಾಗವೇ ಇಲ್ಲ.

ನಾಣ್ಯದ ದಾಖಲೆ ಕಾರ್ಡಿನಲ್ಲಿ ‘ಅಕ್ಷರ ಸವೆದಿದೆ’ ಅಂತ ಬರೆಯಲು ಮೇಲಿನವರು ಹೇಳಿದರು. ‘ಸ್ವಚ್ಛಗೊಳಿಸುವಾಗ ನಷ್ಟವಾಗಿದೆ’ ಅಂತ ಬರೆದು, ತಾರೀಕು ಹಾಕಿ ಸಹಿ ಮಾಡಿದ್ದೇನೆ.